ಚಾಚಾನ ಡಬ್ಬಿ

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಹೆಸರಿದೆ: ಚಾಚಾನ ಡಬ್ಬಿ. ಮಕ್ಕಳು ಇಟ್ಟ ಹೆಸರು. 2015ರಲ್ಲಿ ನಮ್ಮ ತಮ್ಮ ತನ್ನ ಮೊದಲ ಕೆಲಸದ ಉಳಿತಾಯವನ್ನು ಜೇಬಿಗಿಳಿಸಿಕೊಂಡು ತುಮಕೂರಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ. ಒಂದು ಅಂಗಡಿಯಲ್ಲಿ ಪ್ರೊಸೆಸರ್, ಇನ್ನೊಂದರಲ್ಲಿ ಮದರ್‌ಬೋರ್ಡ್, ಮತ್ತೊಂದರಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂದು ದಿನವಿಡೀ ಚೌಕಾಸಿ ಮಾಡಿ, ರಟ್ಟಿನ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯ ರೈಲಿನಲ್ಲಿ ಬಂದ. ಆ ರಾತ್ರಿ ನಡುಮನೆಯ ಚಾಪೆಯ ಮೇಲೆ ಕೂತು ಎಲ್ಲವನ್ನೂ ತಾನೇ ಜೋಡಿಸಿದ. ಅಮ್ಮಿ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಕಾಯುತ್ತಿದ್ದರು. ಕೊನೆಗೆ ಸ್ಕ್ರೀನಿನಲ್ಲಿ ಬೆಳಕು ಬಂದಾಗ "ಮಾಷಾ ಅಲ್ಲಾಹ್, ನನ್ನ ಮಗ ಟೀವಿ ಮಾಡಿಬಿಟ್ಟ" ಎಂದಿದ್ದರು.

2018ರಲ್ಲಿ ತಮ್ಮ ದಮ್ಮಾಮಿಗೆ ಹೋದ. ಹೋಗುವಾಗ ಡಬ್ಬಿಯನ್ನು ಮಕ್ಕಳ ಹೆಸರಿಗೆ ಬಿಟ್ಟ. ಹೆಸರಿಗೆ ಮಕ್ಕಳದ್ದಾದರೂ ಬೆಳಗಿನ ಹೊತ್ತು ಅದು ನಮ್ಮದೇ. ನಾವು ಕಥೆ ಬರೆಯುವವರು. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಹೀಗಾಗಿ ಎರಡು ದೋಣಿಯಲ್ಲಿ ಕಾಲಿಟ್ಟವರು. ಕನ್ನಡದ ಕಥೆಗಳು 'ನುಡಿ'ಯಲ್ಲಿ, ಉರ್ದುವಿನ ಟಿಪ್ಪಣಿಗಳು 'ಇನ್‌ಪೇಜ್'ನಲ್ಲಿ. ಫಜ್ರ್ ನಮಾಜಿನ ನಂತರ ಶಾಲೆಗೆ ಹೊರಡುವವರೆಗೆ ನಾವು, ಸಂಜೆ ಮಗಳ ಪಾಠ, ರಾತ್ರಿ ಮಗನ ಆಟ. ಒಂದು ಡಬ್ಬಿಗೆ ಮೂರು ಪಾಳಿ.

ಮಗನ ಪಾಳಿಯಲ್ಲಿ ಗುರುವಾರದ ರಾತ್ರಿಗೆ ವಿಶೇಷ ಸ್ಥಾನ. ದಮ್ಮಾಮಿನಲ್ಲಿ ಶುಕ್ರವಾರ ರಜೆ. ಅಲ್ಲಿ ರಾತ್ರಿ ಹತ್ತಾದಾಗ ನಮ್ಮಲ್ಲಿ ಹನ್ನೆರಡೂವರೆ. ಆ ಹೊತ್ತಿಗೆ ಚಾಚಾ ತನ್ನ ರೂಮಿನ ಲ್ಯಾಪ್‌ಟಾಪಿನಿಂದಲೂ ಮಗ ನಮ್ಮ ಡಬ್ಬಿಯಿಂದಲೂ 'ಕೌಂಟರ್ ಸ್ಟ್ರೈಕ್' ಎಂಬ ಬಂದೂಕಿನ ಆಟಕ್ಕೆ ಇಳಿಯುತ್ತಿದ್ದರು. ಇಬ್ಬರೂ ಒಂದೇ ಪಕ್ಷ. ಹೆಡ್‌ಫೋನ್ ಹಾಕಿಕೊಂಡ ಮಗ ಕತ್ತಲಲ್ಲಿ ಪಿಸುಗುಟ್ಟುವುದು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು: "ಚಾಚಾ, ಹಿಂದೆ ನೋಡಿ. ಚಾಚಾ, ನಾನಿದ್ದೀನಿ, ನೀವು ಹೋಗಿ."

ನಮಗೆ ಈ ಆಟದ ಮೇಲೆ ಮೊದಲಿನಿಂದಲೂ ಮುನಿಸು. ಗುಂಡು ಹಾರಿಸುವುದರಲ್ಲಿ ಏನು ಸುಖವೋ ನಮಗೆ ತಿಳಿಯದು. ಹುಡುಗನ ಕಣ್ಣು, ನಿದ್ದೆ, ಓದು ಮೂರೂ ಹಾಳು ಎಂಬುದು ನಮ್ಮ ತಕರಾರು. 2025ರ ಮಾರ್ಚಿನಲ್ಲಿ ಮಗನ ಪಿಯುಸಿ ಪರೀಕ್ಷೆ. ಜನವರಿಯಲ್ಲೇ ನಾವು ಡಬ್ಬಿಯ ಪವರ್ ಕೇಬಲನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಬೆಳಿಗ್ಗೆ ನಮ್ಮ ಕಥೆಗೆ ಕೇಬಲ್ ಹೊರಬರುತ್ತಿತ್ತು, ಆಮೇಲೆ ಮತ್ತೆ ಒಳಗೆ. ಮಗ ಒಂದು ಮಾತೂ ಆಡಲಿಲ್ಲ. ಪಾಸೂ ಆದ, ಬಿಸಿಎಗೂ ಸೇರಿದ. ಆದರೆ ಕೇಬಲ್ ವಾಪಸು ಕೊಟ್ಟ ಮೇಲೂ ನಮ್ಮೊಂದಿಗೆ ಅವನ ಮಾತು 'ಹೂಂ', 'ಉಹೂಂ'ಗಳ ಆಚೆ ಬರಲಿಲ್ಲ.

ಅಷ್ಟರಲ್ಲಿ ಡಬ್ಬಿಗೇ ವಯಸ್ಸಾಗಿತ್ತು. ಹಳೆಯ ಆಟವನ್ನು ಅದು ಚೆನ್ನಾಗಿಯೇ ನಡೆಸುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಆಟದ ಕಂಪನಿ ಹಳೆಯದನ್ನು ತೆಗೆದು ಆ ಜಾಗದಲ್ಲಿ 'ಕೌಂಟರ್ ಸ್ಟ್ರೈಕ್ 2' ತಂದಿತು. ಹೊಸದು ಭಾರ. 85 ಜಿಬಿ ಜಾಗ ಬೇಕು, ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ನಮ್ಮ ಡಬ್ಬಿ ಅದನ್ನು ಎತ್ತಿಕೊಂಡು ಏದುಸಿರು ಬಿಡತೊಡಗಿತು. ಚಿತ್ರ ನಿಲ್ಲುವುದು, ಮತ್ತೆ ಓಡುವುದು. ಇತ್ತೀಚೆಗಂತೂ ಆಟದ ನಡುವೆ ಡಬ್ಬಿಯೇ ಪಟ್ಟೆಂದು ಆರಿ ತಾನಾಗಿ ಮತ್ತೆ ಶುರುವಾಗುತ್ತಿತ್ತು. ಒಂದು ಗುರುವಾರ ಹೀಗೆ ನಾಲ್ಕು ಸಲ ಆಯಿತು. ಮುಂದಿನ ಗುರುವಾರ ಮಗ ಹತ್ತು ಗಂಟೆಗೇ ಮಲಗಿದ. ಅದರ ಮುಂದಿನ ಗುರುವಾರವೂ ಮಲಗಿದ.

ಓದುಗರಲ್ಲಿ ಮುಚ್ಚಿಡುವುದೇಕೆ, ನಮಗೆ ಮೊದಲು ಸಮಾಧಾನವೇ ಆಯಿತು. ಪೀಡೆ ತಾನಾಗಿ ತೊಲಗಿತು ಎಂದುಕೊಂಡೆವು. ಒಂದು ಶುಕ್ರವಾರ ಜುಮ್ಮಾ ಮುಗಿಸಿ ಬಂದು ತಮ್ಮನಿಗೆ ಫೋನ್ ಮಾಡಿದಾಗ ಅವನು ಕುಶಲ ಕೇಳಿದ, ಮನೆಯ ಸೂರು ಸೋರುತ್ತಿದೆಯೇ ಎಂದು ವಿಚಾರಿಸಿದ. ಆಮೇಲೆ ದನಿ ತಗ್ಗಿಸಿ, "ಭಾಯ್‌ಜಾನ್, ಹುಡುಗ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾನಾ? ಮೂರು ವಾರದಿಂದ ಬರಲೇ ಇಲ್ಲ" ಎಂದ. "ಬರಲಿಲ್ಲ" ಎಂಬ ಆ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ದಮ್ಮಾಮಿನ ರೂಮಿಗೆ ಪ್ರತಿ ಗುರುವಾರ ನಮ್ಮ ಮನೆಯಿಂದ ಒಬ್ಬರು ಹೋಗಿಬರುತ್ತಿದ್ದರು ಎಂಬುದು ನಮಗೆ ಅಂದಿನವರೆಗೆ ಹೊಳೆದಿರಲಿಲ್ಲ. ನಾವು ಅದನ್ನು ಬರೀ ಬಂದೂಕಿನ ಸದ್ದು ಎಂದು ತಿಳಿದಿದ್ದೆವು.

2025ರ ನವೆಂಬರಿನಲ್ಲಿ ನಮ್ಮ ಮನೆಯವರು ಚೀಟಿ ಎತ್ತಿದರು. ಫೀಸು, ಬಾಡಿಗೆ, ದಿನಸಿ ಸಾಲ ಎಲ್ಲ ಕಳೆದು ಹದಿನೈದು ಸಾವಿರ ಉಳಿಯಿತು. "ಇದನ್ನು ಡಬ್ಬಿಗೆ ಹಾಕಿ" ಎಂದರು. ಅಂದು ಇಶಾ ನಮಾಜಿನ ನಂತರ ದಸ್ತರಖಾನ್ ಮಡಚಿಟ್ಟು ನಾಲ್ವರೂ ಸಭೆ ಕೂತೆವು.

ಮಗನ ಪಟ್ಟಿ ಸಿದ್ಧವಾಗಿತ್ತು. ಪಟ್ಟಿ ಎಂದರೆ ಒಂದೇ ಸಾಲು: ಗ್ರಾಫಿಕ್ಸ್ ಕಾರ್ಡ್. "ಈಗಿರೋದು ಜಿಟಿಎಕ್ಸ್ 750 ಟಿಐ. 2014ರ ಕಾರ್ಡ್. ಎರಡೇ ಜಿಬಿ. ಕಂಪನಿಯವರು ಹೊಸ ಆಟಗಳಿಗೆ ಇದರ ಡ್ರೈವರ್ ಬಿಡೋದನ್ನೂ ಈ ಅಕ್ಟೋಬರಿಗೆ ನಿಲ್ಲಿಸಿದ್ದಾರೆ" ಎಂದ. ತಿಂಗಳುಗಳಲ್ಲಿ ಅವನು ನಮ್ಮೆದುರು ಆಡಿದ ಅತಿ ಉದ್ದದ ಮಾತು ಅದು. ಮಗಳಿಗೆ ಆಟದ ಗೊಡವೆಯಿಲ್ಲ. ಅವಳು "ನನಗೆ ಆನ್ ಆಗೋಕೆ ಐದು ನಿಮಿಷ ತಗೊಳ್ಳದ ಕಂಪ್ಯೂಟರ್ ಸಾಕು" ಎಂದಳು. ನಮಗೆ ಏನೂ ಬೇಕಿರಲಿಲ್ಲ. ಕಥೆ ಬರೆಯಲು ನುಡಿ ಸಾಕು ಎಂಬ ಗರ್ವ ನಮ್ಮದು.

ನಮ್ಮ ಮನೆಯವರಿಗೆ ಕಂಪ್ಯೂಟರ್ ಬಾರದು. ಅವರು ಎಲೆಅಡಿಕೆಯ ಡಬ್ಬ ಮುಚ್ಚುತ್ತ ಕೇಳಿದರು: "ಇದರೊಳಗೆ ಇರೋದರಲ್ಲಿ ಯಾವುದು ಮೊದಲು ಸಾಯುತ್ತೆ? ಅದು ಸತ್ತರೆ ಯಾವ ಯಾವುದನ್ನು ಜೊತೆಗೆ ಕರಕೊಂಡು ಹೋಗುತ್ತೆ?"

ಮಗ ಉತ್ತರ ಕೊಡಲಿಲ್ಲ. ಏಕೆಂದರೆ ಅವನ ಪಟ್ಟಿ ಯಾವುದು ವೇಗ ಎಂಬುದರ ಮೇಲೆ ನಿಂತಿತ್ತು, ಯಾವುದು ಸಾಯುತ್ತದೆ ಎಂಬುದರ ಮೇಲಲ್ಲ. ನಾವು ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟೆವು. ಒಂದು ಪೈಸೆ ಖರ್ಚು ಮಾಡುವ ಮೊದಲು ಡಬ್ಬಿಯ ನಾಡಿ ನೋಡುವುದೆಂದು ತೀರ್ಮಾನವಾಯಿತು.

ಭಾನುವಾರ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆವು. ಒಳಗೆ ಹತ್ತು ವರ್ಷದ ತುಮಕೂರಿನ ಧೂಳು. ಪ್ರೊಸೆಸರಿನ ಮೇಲಿನ ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ. ಮಗಳ ನೋಟ್‌ಬುಕ್ಕಿನ ಮೊದಲ ಸಾಲು: 'ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪ್ರೊಸೆಸರ್ ಬಿಸಿ 95 ಡಿಗ್ರಿ'. ಇಷ್ಟು ಬಿಸಿಯೇರಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆವು. ಪ್ರೊಸೆಸರಿಗೂ ಫ್ಯಾನಿನ ತಳಕ್ಕೂ ನಡುವೆ ಇರುವ, ಶಾಖ ದಾಟಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಅದನ್ನು ಒರೆಸಿ ಇನ್ನೂರು ರೂಪಾಯಿಯ ಹೊಸ ಪೇಸ್ಟು ಹಚ್ಚಿದೆವು. ಎರಡನೆಯ ಸಾಲು: '70 ಡಿಗ್ರಿ'. ಹದಿನೈದು ಸಾವಿರದಲ್ಲಿ ಇನ್ನೂರು ಖರ್ಚಾಗುವಷ್ಟರಲ್ಲಿ ಡಬ್ಬಿ ಅರ್ಧ ಉಸಿರಾಡಿತ್ತು.

ಆದರೆ ಆರಿಹೋಗುವುದು ನಿಲ್ಲಲಿಲ್ಲ. ಬಿ.ಎಚ್. ರಸ್ತೆಯಲ್ಲಿ ನಮಗೆ ಪರಿಚಯದ ಒಬ್ಬ ರಿಪೇರಿ ಹುಡುಗನಿದ್ದಾನೆ, ಗುಬ್ಬಿ ಕಡೆಯವನು. ಡಬ್ಬಿಯನ್ನು ಆಟೋದಲ್ಲಿ ಅವನಲ್ಲಿಗೆ ಒಯ್ದೆವು. ಅವನು ಕಾರ್ಡನ್ನು ಮುಟ್ಟಲೇ ಇಲ್ಲ. ತನ್ನ ಅಂಗಡಿಯ ಒಂದು ಎಸ್‌ಎಂಪಿಎಸ್ ತೆಗೆದು ತಾತ್ಕಾಲಿಕವಾಗಿ ಜೋಡಿಸಿ, "ಈಗ ಆಡು ಮರಿ" ಎಂದು ಮಗನಿಗೆ ಹೇಳಿದ. ಒಂದು ಗಂಟೆ ಆಡಿದರೂ ಡಬ್ಬಿ ಆರಲಿಲ್ಲ.

"ಮೇಷ್ಟ್ರೇ, ಕಾರ್ಡಿಗಲ್ಲ ಕಾಯಿಲೆ, ಊಟ ಬಡಿಸೋನಿಗೆ" ಎಂದ. ಗೋಡೆಯ ಕರೆಂಟನ್ನು ಇಳಿಸಿ, ಹದಗೊಳಿಸಿ ಒಳಗಿನ ಎಲ್ಲ ಭಾಗಗಳಿಗೂ ಹಂಚುವುದು ಎಸ್‌ಎಂಪಿಎಸ್‌ನ ಕೆಲಸ. ನಮ್ಮದರ ಮೇಲೆ 450 ವ್ಯಾಟ್ ಎಂದು ಬರೆದಿತ್ತು, ಹೆಸರಿಲ್ಲದ ಮಾಲು. ವಯಸ್ಸಾದಂತೆ ಅದರೊಳಗಿನ ಕೆಪಾಸಿಟರ್‌ಗಳು ಸೊರಗುತ್ತವೆ. ಸುಮ್ಮನೆ ಕೂತಾಗ ನಡೆಯುತ್ತದೆ, ಆಟದಂತಹ ಭಾರ ಬಿದ್ದಾಗ ಕೈಬಿಡುತ್ತದೆ. "ಒಳ್ಳೇದು ಸತ್ತರೆ ತಾನೊಂದೇ ಸಾಯುತ್ತೆ. ಇಂಥದ್ದು ಸಾಯೋವಾಗ ಬೋರ್ಡು, ಕಾರ್ಡು, ಡಿಸ್ಕು ಎಲ್ಲಾನೂ ಸುಟ್ಟುಬಿಡಬಹುದು" ಎಂದ. ನಮ್ಮ ಮನೆಯವರ ಪ್ರಶ್ನೆಗೆ ಅವರನ್ನು ಎಂದೂ ಕಾಣದ ಹುಡುಗ ಉತ್ತರ ಕೊಟ್ಟಿದ್ದ. ಈ ಎಸ್‌ಎಂಪಿಎಸ್‌ಗೇ ಹೊಸ ಕಾರ್ಡನ್ನು ತಗಲಿಸಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಿ.

ಅದೇ ಹುಡುಗ ಇನ್ನೊಂದು ಪರೀಕ್ಷೆ ಮಾಡಿದ. ಹಾರ್ಡ್ ಡಿಸ್ಕಿನ ಆರೋಗ್ಯ ತೋರಿಸುವ ಒಂದು ಪುಟ್ಟ ತಂತ್ರಾಂಶ ಹಾಕಿದ. ಹಸಿರು ಇರಬೇಕಾದ ಜಾಗದಲ್ಲಿ ಹಳದಿ ಬಂತು. ಡಿಸ್ಕಿನ ತಟ್ಟೆಯ ಮೇಲೆ ಕೆಲವು ಜಾಗಗಳು ಕೆಟ್ಟಿವೆ, ಅಲ್ಲಿದ್ದುದನ್ನು ಅದು ಬೇರೆ ಕಡೆಗೆ ಸಾಗಿಸುತ್ತ ದಿನ ದೂಡುತ್ತಿದೆ ಎಂದು ಅದರ ಅರ್ಥ. "ಒಳಗೆ ಏನೇನಿದೆ ಮೇಷ್ಟ್ರೇ?" ಎಂದು ಕೇಳಿದ.

ಏನಿತ್ತು? ಹತ್ತು ವರ್ಷದ ನಮ್ಮ ಕಥೆಗಳಿದ್ದವು. ಅಚ್ಚಾದವು ಪತ್ರಿಕೆಗಳಲ್ಲಿವೆ, ಅಚ್ಚಾಗದವು ಅಲ್ಲಿ ಮಾತ್ರ. ಮಗಳ ನೋಟ್ಸ್ ಇತ್ತು. ಅಮ್ಮಿ 2020ರಲ್ಲಿ ತೀರಿಕೊಳ್ಳುವ ಮೊದಲು ನಮ್ಮ ದಖನಿಯಲ್ಲಿ ಹೇಳಿದ ಕಥೆಗಳನ್ನು ನಾವು ಇನ್‌ಪೇಜ್‌ನಲ್ಲಿ ಬರೆದಿಟ್ಟ ಫೈಲುಗಳಿದ್ದವು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ನಮ್ಮ ಸಾಹಿತ್ಯದ ಗರ್ವವೆಲ್ಲ ಒಂದು ಟೆರಾಬೈಟಿನ ಮುಪ್ಪಿನ ತಟ್ಟೆಯ ಮೇಲೆ ತಿರುಗುತ್ತಿತ್ತು.

ಕೂಡಲೇ ಒಂದು ಡಿಸ್ಕು ಎರವಲು ತಂದು ಪ್ರತಿ ಮಾಡಲು ಕೂತೆವು. ರಾತ್ರಿಯೆಲ್ಲ ನಡೆಯಿತು. ಮಗ ನಿದ್ದೆಗೆಟ್ಟು ಪಕ್ಕದಲ್ಲಿ ಕೂತ. ಕನ್ನಡದ ಕಥೆಗಳೆಲ್ಲ ಬಂದವು. ಅಮ್ಮಿಯ ಫೈಲುಗಳು ಹನ್ನೊಂದಿದ್ದವು, ಒಂಬತ್ತು ಬಂದವು. ಎರಡರ ಹತ್ತಿರ ಡಿಸ್ಕು ಟಿಕ್ ಟಿಕ್ ಎನ್ನುತ್ತ ನಿಂತುಬಿಡುತ್ತಿತ್ತು. ಮಗ ಮೂರು ಸಲ, ನಾಲ್ಕು ಸಲ ಪ್ರಯತ್ನಿಸಿದ. ಕೊನೆಗೆ ಅವನೇ, "ಅಬ್ಬಾ, ಇದನ್ನು ಇನ್ನೂ ತಿರುಗಿಸಿದರೆ ಬೇರೆ ಕಡೆಗೂ ಹರಡಬಹುದು" ಎಂದು ಕೈ ತೆಗೆದ. ಆ ಎರಡು ಕಥೆಗಳು ಯಾವುವೆಂದು ನಮಗೆ ಗೊತ್ತು. ಸಾರಾಂಶ ಹೇಳಬಲ್ಲೆವು, ಅಮ್ಮಿಯ ಮಾತುಗಳು ಬರುವುದಿಲ್ಲ. ಒಂದು ವರ್ಷ ಮುಂಚೆ ಒಂದು ಪೆನ್‌ಡ್ರೈವ್ ಕೊಂಡಿದ್ದರೆ ಉಳಿಯುತ್ತಿದ್ದವು. ಪೆನ್‌ಡ್ರೈವಿಗೆ ಎಷ್ಟು ಬೆಲೆ ಎಂದು ನಾವು ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ಇನ್ನು ಆಟದ ವಿಷಯ. ಕಾರ್ಡು ಬೇಕೋ ಬೇಡವೋ ಎಂಬುದಕ್ಕೆ ರಿಪೇರಿ ಹುಡುಗ ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟಿದ್ದ. ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿ ಆಡಿನೋಡುವುದು. ಸಣ್ಣ ಚಿತ್ರ ಬರೆಯಲು ಕಾರ್ಡಿಗೆ ಶ್ರಮ ಕಡಿಮೆ. ಆಗ ವೇಗ ಏರಿದರೆ ಅಡ್ಡಿಯಾಗಿದ್ದುದು ಕಾರ್ಡು. ಏರದಿದ್ದರೆ ಅಡ್ಡಿ ಪ್ರೊಸೆಸರಿನದ್ದೋ ಬೇರೆಯದ್ದೋ. ಮಗ ಆಡಿದ, ಮಗಳು ಬರೆದುಕೊಂಡಳು. ದೊಡ್ಡ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 45 ಚಿತ್ರ, ಸಣ್ಣದರಲ್ಲಿ ಸುಮಾರು 70. ಅಂದರೆ ಮಗ ಹೇಳಿದ್ದು ಸುಳ್ಳಲ್ಲ, ಕಾರ್ಡು ದುರ್ಬಲವೇ. ಆದರೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಿತ್ತು: 'ಎರಡರಲ್ಲೂ ನಿಂತು ನಿಂತು ಹೋಗುವುದು ಹಾಗೇ ಇದೆ'. ಚಾಚಾನನ್ನು ಒಂಟಿ ಮಾಡುತ್ತಿದ್ದುದು ಈ ನಿಲ್ಲುವಿಕೆ.

ಅದರ ಮೂಲ ಬೇರೆಡೆ ಸಿಕ್ಕಿತು. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಆಡಿದಾಗ 8 ಜಿಬಿ ರ‍್ಯಾಮ್ ಕಂಠಮಟ್ಟ ತುಂಬಿತ್ತು, ಡಿಸ್ಕು ನೂರಕ್ಕೆ ನೂರು ದುಡಿಯುತ್ತಿತ್ತು. ರ‍್ಯಾಮ್ ಎಂದರೆ ಕೆಲಸ ಮಾಡುವ ಮೇಜು, ಡಿಸ್ಕು ಎಂದರೆ ಉಗ್ರಾಣ. ಮೇಜು ಸಾಲದಿದ್ದಾಗ ವಿಂಡೋಸ್ ಕೆಲವನ್ನು ಉಗ್ರಾಣದಲ್ಲಿಟ್ಟು, ಬೇಕಾದಾಗ ಓಡಿಹೋಗಿ ತರುತ್ತದೆ. ಉಗ್ರಾಣವೋ ಮುದಿಯಾದದ್ದು. ಅಷ್ಟು ಹೊತ್ತು ಆಟ ಕಲ್ಲಾಗಿ ನಿಲ್ಲುತ್ತದೆ.

ಹಾಗಾದರೆ ಇಡೀ ಡಬ್ಬಿಯನ್ನೇ ಗುಜರಿಗೆ ಹಾಕಿ ಹೊಸದು ಕೊಳ್ಳುವುದು ಜಾಣತನವಲ್ಲವೇ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹೆಸರು ನೋಂದಾಯಿಸಿಕೊಂಡರೆ ಸುರಕ್ಷತೆಯ ಸುಧಾರಣೆಗಳು ಇನ್ನೊಂದು ವರ್ಷ ಸಿಗುತ್ತಿದ್ದವು, ಅಷ್ಟೇ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು. ನಮ್ಮ ಐ5-4460 ನಾಲ್ಕನೆಯ ತಲೆಮಾರಿನದು. ಪ್ರೊಸೆಸರ್ ಬದಲಾದರೆ ಬೋರ್ಡು ಬದಲಾಗಬೇಕು, ಬೋರ್ಡು ಬದಲಾದರೆ ಈಗಿನ ಡಿಡಿಆರ್3 ರ‍್ಯಾಮ್ ಕೂರುವುದಿಲ್ಲ. ಒಂದು ಕಲ್ಲು ತೆಗೆದರೆ ಗೋಡೆಯೇ ಬರುತ್ತದೆ. ಅದೂ ಕೆಟ್ಟ ಸಮಯ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿ, ಹೊಸ ರ‍್ಯಾಮಿನ ಬೆಲೆ ಎಲ್ಲೆಡೆ ಗಗನಕ್ಕೇರಿತ್ತು. ಎಲ್ಲಿಯದೋ ಯಂತ್ರ ಬುದ್ಧಿವಂತನಾಗಲು ಹೊರಟರೆ ತುಮಕೂರಿನ ಹುಡುಗನ ಆಟಕ್ಕೆ ಕತ್ತರಿ.

ಮಗಳು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದಳು. ಒಂದು ಕಡೆ 'ನಾಳೆ ಹೊಸ ಡಬ್ಬಿ ಬಂದರೂ ಜೊತೆಗೆ ಬರುವವು': ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್. ಇನ್ನೊಂದು ಕಡೆ 'ಈ ಡಬ್ಬಿಯ ಜೊತೆಗೇ ಮಣ್ಣಾಗುವವು': ಡಿಡಿಆರ್3 ರ‍್ಯಾಮ್, ಹಳೆಯ ಸಾಕೆಟ್ಟಿನ ಪ್ರೊಸೆಸರ್. ಮೊದಲನೆಯದಕ್ಕೆ ಒಳ್ಳೆಯ ಹಣ ಕೊಡುವುದು, ಎರಡನೆಯದಕ್ಕೆ ಕೊಡಲೇಬೇಕಾದರೆ ಸೆಕೆಂಡ್ ಹ್ಯಾಂಡ್ ಮಾತ್ರ. ಕಥೆ ಬರೆಯುವವರಾದ ನಮಗೂ ಇಷ್ಟು ಅಚ್ಚುಕಟ್ಟಾಗಿ ಹೊಳೆದಿರಲಿಲ್ಲ.

ಒಂದು ಶನಿವಾರ ನಾವೂ ಮಗನೂ ರೈಲು ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಇಳಿದು ಟೌನ್ ಹಾಲ್ ಕಡೆಗೆ ಬಸ್ಸು, ಅಲ್ಲಿಂದ ನಡಿಗೆ. ಎಸ್.ಪಿ. ರಸ್ತೆ ಈಗಲೂ ಹಾಗೆಯೇ ಇದೆ: ಹೆಗಲಿಗೆ ಹೆಗಲು ತಾಗಿಸಿ ನಿಂತ ಅಂಗಡಿಗಳು, ಅವುಗಳ ಮೇಲೆ ಅಂಗಡಿಗಳು, ನಡುವೆ ಪೆಟ್ಟಿಗೆ ಹೊತ್ತ ಹುಡುಗರು. ತಮ್ಮ ನಡೆದ ದಾರಿಯಲ್ಲೇ ಮಗ ಮುಂದೆ ಮುಂದೆ ನಡೆದ, ನಾವು ಹಿಂದೆ.

550 ವ್ಯಾಟಿನ, ಹೆಸರೂ ಗ್ಯಾರಂಟಿಯೂ ಇರುವ ಎಸ್‌ಎಂಪಿಎಸ್ 3,900 ರೂಪಾಯಿ. 500 ಜಿಬಿಯ ಎಸ್‌ಎಸ್‌ಡಿ 4,200. ನಮ್ಮ ಹಳೆಯ ಎಚ್81 ಬೋರ್ಡಿನಲ್ಲಿ ಹೊಸ ಮಾದರಿಯ ಚ್ಯೂಯಿಂಗ್ ಗಮ್ ಪಟ್ಟಿಯಂತಹ ಎಸ್‌ಎಸ್‌ಡಿ ಕೂರುವುದಿಲ್ಲ, ಸಾಟಾ ತಂತಿ ಚುಚ್ಚುವ ಎರಡೂವರೆ ಇಂಚಿನದೇ ಆಗಬೇಕು. ಇದನ್ನು ಮಗ ಅಂಗಡಿಯವನಿಗೇ ಹೇಳಿದ. ಸೆಕೆಂಡ್ ಹ್ಯಾಂಡ್ 8 ಜಿಬಿ ಡಿಡಿಆರ್3 ರ‍್ಯಾಮ್ 1,200. ಬೋರ್ಡಿನಲ್ಲಿ ಖಾಲಿಯಿದ್ದ ಎರಡನೆಯ ಜಾಗಕ್ಕೆ ಅದು. "ಹೊಸ ರ‍್ಯಾಮ್ ಬೆಲೆ ಕೇಳಲೇಬೇಡಿ ಸಾರ್, ಬೆಳಿಗ್ಗೆ ಒಂದು, ಸಂಜೆ ಒಂದು" ಎಂದು ಅಂಗಡಿಯವನು ಕೈಮುಗಿದ.

ಕೊನೆಗೆ ಮಗ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ಮುಂದೆ ನಿಂತ. ಗಾಜಿನ ಹಿಂದೆ ಗ್ರಾಫಿಕ್ಸ್ ಕಾರ್ಡುಗಳು ಮಿಠಾಯಿಯ ಹಾಗೆ ಸಾಲಾಗಿದ್ದವು. ಜಿಟಿಎಕ್ಸ್ 1650, ನಾಲ್ಕು ಜಿಬಿ, 7,500. ಅಂಗಡಿಯವನು ಒರೆಸಿ ಒರೆಸಿ ತೋರಿಸಿದ. ನಮ್ಮ ಜೇಬಿನಲ್ಲಿ ಐದು ಸಾವಿರ ಚಿಲ್ಲರೆ ಇತ್ತು. ಶಾಲೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದರೆ ಉಳಿದದ್ದು ಹೊಂದಿಸಬಹುದಿತ್ತು. ಬೀರುವಿನ ಕೇಬಲ್ ನೆನಪಾಗಿ ನಾವು ಫೋನ್ ಹೊರಗೆ ತೆಗೆದೆವು ಕೂಡ.

ಮಗ ಕಾರ್ಡನ್ನು ತಿರುಗಿಸಿ ನೋಡಿದ. "ಇದು ಎಲ್ಲಿಂದ ಬಂತೋ ಗೊತ್ತಿಲ್ಲ ಅಬ್ಬಾ" ಎಂದ. ರೈಲಿನಲ್ಲಿ ಬರುವಾಗಲೇ ಹೇಳಿದ್ದ: ಒಂದು ಕಾಲದಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಣಿ ತೋಡುವ ಹಾಗೆ ಇಂತಹ ಕಾರ್ಡುಗಳಿಂದ ಹಗಲೂ ರಾತ್ರಿ ತೋಡುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವಿಧಾನವೇ ಬದಲಾಗಿ ಗಣಿ ಮುಚ್ಚಿದ ಮೇಲೆ, ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಒರೆಸಿದ ಕಾರ್ಡಿನ ಮುಖ ನೋಡಿ ಅದು ಎಷ್ಟು ದುಡಿದಿದೆ ಎಂದು ಹೇಳುವುದು ಕಷ್ಟ. "ನಮ್ಮ ಮಾನಿಟರ್ ಕೂಡ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲ್ಲ. ಸಣ್ಣ ಅಳತೆಯಲ್ಲಿ ಆಡ್ತೀನಿ. ಸಾಲ ಬೇಡ" ಎಂದು ಕಾರ್ಡನ್ನು ವಾಪಸು ಇಟ್ಟ. ಆದರೂ ಬೀದಿಯ ತಿರುವಿನವರೆಗೆ ಎರಡು ಸಲ ಹಿಂದೆ ತಿರುಗಿ ನೋಡಿದ. ನಾವು ನೋಡದ ಹಾಗೆ ನಡೆದೆವು.

ಅಂದು ರಾತ್ರಿ ಅದೇ ನಡುಮನೆಯ ಚಾಪೆ. ಸ್ಕ್ರೂಗಳಿಗೆ ಅದೇ ಸ್ಟೀಲ್ ತಟ್ಟೆ, ಕಾಯಲು ನಮ್ಮ ಮನೆಯವರು. ಎಸ್‌ಎಂಪಿಎಸ್‌ನ ದಪ್ಪ ತಂತಿಗಳನ್ನು ಮಗ ಡಬ್ಬಿಯ ಬೆನ್ನ ಹಿಂದಿನಿಂದ ಎಳೆದು ಕಟ್ಟಿದ. ಬೋರ್ಡಿನ ನಾಲ್ಕು ಸಾಟಾ ಕಿಂಡಿಗಳಲ್ಲಿ ಎರಡು ಮಾತ್ರ ಪೂರ್ತಿ ವೇಗದವು, ಹುಡುಕಿ ಅದಕ್ಕೇ ಎಸ್‌ಎಸ್‌ಡಿ ಚುಚ್ಚಿದ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಮಗಳು ಗಡಿಯಾರ ಹಿಡಿದು ನಿಂತಳು. ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಡಬ್ಬಿ ಅರ್ಧ ನಿಮಿಷದೊಳಗೆ ಎದ್ದು ಕೂತಿತು. ಹಳೆಯ ಡಿಸ್ಕನ್ನು ಒಂದು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ಕೇಬಲ್ ಇಟ್ಟಿದ್ದ ಜಾಗದಲ್ಲೇ.

ಗುರುವಾರ ರಾತ್ರಿ ಹನ್ನೆರಡೂವರೆ. ನಾವು ಮಲಗಲಿಲ್ಲ. ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕೂತೆವು. ಅವನು ಒಂದು ಗಳಿಗೆ ನೋಡಿ, ಹೆಡ್‌ಫೋನ್ ತೆಗೆದು, ಶಬ್ದವನ್ನು ಸ್ಪೀಕರಿಗೆ ಹಾಕಿದ. ಮೊದಲ ಸುತ್ತು ನಿಲ್ಲದೆ ನಡೆಯಿತು. ಎರಡನೆಯದೂ ನಡೆಯಿತು. ಡಬ್ಬಿ ಆರಲಿಲ್ಲ. ದಮ್ಮಾಮಿನಿಂದ ತಮ್ಮನ ದನಿ ನಡುಮನೆ ತುಂಬಿತು: "ಏನು ಮಾಡಿದಿರೋ? ಹೊಸ ಕಾರ್ಡಾ?"

"ಇಲ್ಲ ಚಾಚಾ. ಕಾರ್ಡು ನಿಮ್ಮದೇ. ಎಸ್‌ಎಂಪಿಎಸ್ ಬದಲಾಯಿಸಿದೆ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ತಮ್ಮ ನಕ್ಕ. "ಅದನ್ನು ನಾನು ಅವತ್ತೇ ಹೇಳಬೇಕಿತ್ತು. 2015ರಲ್ಲಿ ಆ ಕಾರ್ಡು ಕೊಳ್ಳೋಕೆ ದುಡ್ಡು ಸಾಲಲಿಲ್ಲ. ಅದಕ್ಕೆ ಎಸ್‌ಎಂಪಿಎಸ್ ಅಗ್ಗದ್ದು ಹಾಕಿದೆ. ಒಂದೆರಡು ವರ್ಷದಲ್ಲಿ ಬದಲಾಯಿಸೋಣ ಅಂತಿದ್ದೆ. ಅಷ್ಟರಲ್ಲಿ ವೀಸಾ ಬಂತು."

ಹತ್ತು ವರ್ಷ ಆ ಅಗ್ಗದ್ದು ಎಲ್ಲರಿಗೂ ಬಡಿಸುತ್ತ ಬಂದಿತ್ತು. ಅದರ ತಗಡಿನ ಮೇಲೆ ಬಣ್ಣದ ದೀಪವಿರಲಿಲ್ಲ, ಅದರ ಹೆಸರನ್ನು ಯಾರೂ ಕೇಳಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ದಮ್ಮಾಮಿನಿಂದ ಬರುವ ಹಣವನ್ನೂ ನಾವು ಹಾಗೆಯೇ, ಗೋಡೆಯ ಕರೆಂಟಿನ ಹಾಗೆ ಬಳಸುತ್ತ ಬಂದಿದ್ದೆವು. ಒಂದು ಕೋಣೆಯಲ್ಲಿ ನಾಲ್ವರೊಂದಿಗೆ ಮಲಗುವ ತಮ್ಮನ ಬಿಸಿ ಎಷ್ಟಕ್ಕೇರಿದೆ ಎಂದು ಯಾವ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಿರಲಿಲ್ಲ.

"ಭಾಯ್‌ಜಾನ್ ಎದ್ದಿದ್ದಾರಾ? ಅವರಿಗೂ ಒಂದು ಸುತ್ತು ಕೊಡು" ಎಂದ ತಮ್ಮ. ಮಗ ಮೌಸನ್ನು ನಮ್ಮ ಕೈಗಿತ್ತು, ಯಾವ ಬೆರಳು ಯಾವ ಗುಂಡಿಯ ಮೇಲೆ ಎಂದು ತೋರಿಸಿದ. ನಾವು ಗೋಡೆಯನ್ನು ನೋಡುತ್ತ, ಆಕಾಶವನ್ನು ನೋಡುತ್ತ ಸುತ್ತಿದೆವು. ಹತ್ತು ಸೆಕೆಂಡಿನಲ್ಲಿ ಯಾರೋ ನಮ್ಮನ್ನು ಹೊಡೆದುರುಳಿಸಿದರು. ಚಾಚಾ ಮತ್ತು ಮಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕ ಸದ್ದಿಗೆ ಪಕ್ಕದ ಕೋಣೆಯಿಂದ ನಮ್ಮ ಮನೆಯವರು ಎದ್ದು ಬಂದರು.

ಆಟ ಒಂದೂವರೆಗೆ ಮುಗಿಯಿತು, ಮಾತು ಎರಡೂವರೆಯವರೆಗೆ ನಡೆಯಿತು. ಕಳೆದುಹೋದ ಅಮ್ಮಿಯ ಎರಡು ಕಥೆಗಳ ವಿಷಯ ಹೇಳಿದೆವು. ತಮ್ಮ, "ಒಂದು ನನಗೆ ಗೊತ್ತು, ಆ ಕುರುಡು ಫಕೀರನದ್ದು. ಮಲಗಿಸುವಾಗ ಹೇಳೋಳು" ಎಂದ. ಅಮ್ಮಿಯ ಧಾಟಿಯಲ್ಲೇ ಶುರು ಮಾಡಿದ, ನಡುವೆ ಮರೆತ, ನಾವು ಎತ್ತಿಕೊಟ್ಟೆವು. ಮಗಳು ಎದ್ದು ಬಂದು ಕೀಬೋರ್ಡಿನ ಮುಂದೆ ಕೂತು ಬರೆದುಕೊಂಡಳು, ಈ ಸಲ ಯೂನಿಕೋಡಿನಲ್ಲಿ. ಮುಗಿದ ಕೂಡಲೇ ಮಗ ಯಾರೂ ಹೇಳದೆಯೇ ಅದರ ಮೂರು ಪ್ರತಿ ಮಾಡಿ ಮೂರು ಕಡೆ ಇಟ್ಟ.

ಉಳಿದ ಹಣ ನಮ್ಮ ಮನೆಯವರ ಡಬ್ಬದಲ್ಲಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮಗಳು 'ಮುಂದೆ: ಕಾರ್ಡ್' ಎಂದು ಬರೆದಿದ್ದಾಳೆ. ಅದರ ಕೆಳಗೆ ನಮ್ಮ ಮನೆಯವರು, ಕಂಪ್ಯೂಟರ್ ಬಾರದವರು, ಉರ್ದುವಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: 'ಅದಕ್ಕೂ ಮುಂಚೆ ಚಾಚಾನ ಟಿಕೆಟ್ಟು.'